ಔಷಧದಾನ ಮತ್ತು ಅಪ್ರಮಾದ

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಿಗೆ ಶ್ರಾವಕಧರ್ಮದಲ್ಲಿ ಇರುವ ಸ್ಥಾನವನ್ನು ಈ ಪತ್ರಿಕೆಯ ಓದುಗರಿಗೆ ನಾನು ವಿವರಿಸಬೇಕಾದುದಿಲ್ಲ. ಅವುಗಳಲ್ಲಿ ಔಷಧದಾನವನ್ನು ಕುರಿತು ಬರೆಯಲು ನನಗಿರುವ ಅಧಿಕಾರ ಒಂದೇ ಒಂದು. ಆ ದಾನವನ್ನು ಮಾಡಲು ಹೋಗಿ ನಾನು ತಪ್ಪಿದ್ದೇನೆ. ನಾನು ವೈದ್ಯನಲ್ಲ. 32 ವರ್ಷ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು. ಆದರೆ ನಮ್ಮ ಅಜ್ಜ ಊರಿನಲ್ಲಿ ನಾಟಿವೈದ್ಯರೆಂದು ಹೆಸರಾಗಿದ್ದರು. ಅಷ್ಟಮಿ ಚತುರ್ದಶಿಗಳಂದು ಪೂಜೆ ಮುಗಿದ ಮೇಲೆ ಬಸದಿಯ ಜಗಲಿಯಲ್ಲಿ ಕುಳಿತು, ಬಂದವರಿಗೆಲ್ಲ ಕಾಸು ಪಡೆಯದೆ ಬೇರು, ತೊಗಟೆ, ಚೂರ್ಣಗಳನ್ನು ಕೊಡುತ್ತಿದ್ದರು. ಆ ಹೆಸರಿನ ನೆರಳಿನಲ್ಲಿ ನನಗೂ ಊರವರ ದೃಷ್ಟಿಯಲ್ಲಿ ಅಲ್ಪಸ್ವಲ್ಪ ವೈದ್ಯಪಟ್ಟ ದೊರೆತಿತ್ತು. ನಾನು ಅದನ್ನು ಬೇಡವೆನ್ನಲಿಲ್ಲ.

2021ರ ಬೇಸಗೆ ನಮಗೆಲ್ಲ ನೆನಪಿದೆ. ಕೋವಿಡ್ ಎರಡನೆಯ ಬಾರಿ ಮನೆಮನೆಗೆ ನುಗ್ಗಿದ ಕಾಲ. ಅದಕ್ಕೆ ಮುನ್ನ 2020ರಲ್ಲಿಯೇ ಕೇಂದ್ರದ ಆಯುಷ್ ಸಚಿವಾಲಯ ರೋಗನಿರೋಧಕ ಶಕ್ತಿಗಾಗಿ ಸೂಚಿಸಿದ ದ್ರವ್ಯಗಳಲ್ಲಿ ಅಮೃತಬಳ್ಳಿಯೂ ಸೇರಿತ್ತು. ನಮ್ಮ ಹಿತ್ತಲಿನ ಮಾವಿನ ಮರಕ್ಕೆ ಅಜ್ಜ ಹಬ್ಬಿಸಿದ್ದ ಅಮೃತಬಳ್ಳಿ ತಲೆಮಾರುಗಳಿಂದ ಬೆಳೆದು ನಿಂತಿದೆ. ನಾನು ಅದರ ಕಾಂಡವನ್ನು ಗೇಣುದ್ದದ ತುಂಡುಗಳಾಗಿ ಕತ್ತರಿಸಿ, ಕಟ್ಟು ಕಟ್ಟಿ, ಬಸದಿಗೆ ಬಂದವರಿಗೆಲ್ಲ ಹಂಚಿದೆ. ಬರಲಾಗದವರ ಮನೆಗೆ ಕೊಂಡುಹೋಗಿ ಕೊಟ್ಟೆ. ಪುಣ್ಯಕಾರ್ಯ ಮಾಡುತ್ತಿದ್ದೇನೆಂಬ ಸಂತೋಷ ನನಗಿತ್ತು. ಆ ಸಂತೋಷದಲ್ಲಿ ಸ್ವಲ್ಪ ಅಭಿಮಾನವೂ ಬೆರೆತಿತ್ತು ಎಂಬುದನ್ನು ಈಗ ಒಪ್ಪಿಕೊಳ್ಳುತ್ತೇನೆ.

ನನ್ನ ಅಕ್ಕನಿಗೆ ಆಗ 68 ವರ್ಷ. ಥೈರಾಯ್ಡ್ ಕೊರತೆಗೆ ಬಹುಕಾಲದಿಂದ ಒಂದು ಮಾತ್ರೆ ಸೇವಿಸುತ್ತಿದ್ದಳು. ದಿನವೂ ಬೆಳಿಗ್ಗೆ ದೇವದರ್ಶನ ಮುಗಿಸಿ ಬಂದು, ಸೋಸಿದ ನೀರಿನಲ್ಲಿ ಕುದಿಸಿದ ಅಮೃತಬಳ್ಳಿಯ ಕಷಾಯವನ್ನು ಒಂದು ಲೋಟ ಕುಡಿಯುವುದನ್ನು ನಿಯಮವಾಗಿಸಿಕೊಂಡಳು. ತಮ್ಮ ತಂದುಕೊಟ್ಟದ್ದೆಂಬ ಮಮತೆಯಿಂದ ಐದು ತಿಂಗಳಲ್ಲಿ ಒಂದು ದಿನವೂ ತಪ್ಪಿಸಲಿಲ್ಲ. ಭಾದ್ರಪದದ ದಶಲಕ್ಷಣ ಪರ್ವದಲ್ಲಿ ಏಕಭುಕ್ತವಿದ್ದಳು. ಆಗ ಕಂಡ ನಿಶ್ಶಕ್ತಿಯನ್ನು ವ್ರತದ ಆಯಾಸವೆಂದು ಎಲ್ಲರೂ ತಿಳಿದೆವು. ಪರ್ವ ಕಳೆದ ಮೇಲೂ ಅವಳಿಗೆ ಊಟ ಸೇರಲಿಲ್ಲ. ಒಂದು ದಿನ ಕಣ್ಣು ಹಳದಿಯಾಗಿರುವುದನ್ನು ಮೊಮ್ಮಗಳು ಗುರುತಿಸಿದಳು. ಕಾಮಾಲೆಯೆಂದು ತಿಳಿದು, ನಾನೇ ನೆಲನೆಲ್ಲಿಯನ್ನು ಅರೆಸಿ ಮಜ್ಜಿಗೆಯಲ್ಲಿ ಕೊಡಿಸಿದೆ, ಕಷಾಯವನ್ನೂ ನಿಲ್ಲಿಸಲಿಲ್ಲ. ಹೀಗೆ ಒಂದು ವಾರ ಕಳೆಯಿತು.

ಕೊನೆಗೆ ಮಂಗಳೂರಿನ ಒಂದು ಆಸ್ಪತ್ರೆಗೆ ಸೇರಿಸಿದೆವು. ವೈದ್ಯರು ಮೊದಲ ದಿನವೇ ಕೇಳಿದರು: “ಬೇರೆ ಯಾವುದಾದರೂ ಔಷಧ, ನಾಟಿಮದ್ದು ತೆಗೆದುಕೊಳ್ಳುತ್ತಿದ್ದರೇ?” ಅಕ್ಕ ಬಾಯಿ ತೆರೆಯುವ ಮುನ್ನವೇ ನಾನು “ಇಲ್ಲ” ಎಂದೆ. ಕಷಾಯ ಔಷಧವಲ್ಲ, ಮನೆಯ ಪದಾರ್ಥ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಅದು ಪೂರ್ಣ ಸತ್ಯವಲ್ಲ. ಆಂಗ್ಲವೈದ್ಯರ ಎದುರು ನಾಟಿಮದ್ದಿನ ಹೆಸರೆತ್ತಿದರೆ ಅಜ್ಜನಿಗೆ ಅವಮಾನವಾದೀತು, ನನ್ನ ದಾನಕ್ಕೆ ದೋಷ ತಟ್ಟೀತು ಎಂಬ ಅಳುಕೂ ಇತ್ತು. ಕಾಮಾಲೆಯ ಸೋಂಕುಗಳಿಗಾಗಿ ನಡೆಸಿದ ಪರೀಕ್ಷೆಗಳಲ್ಲಿ ಏನೂ ಕಾಣಲಿಲ್ಲ. ಮೂರನೆಯ ದಿನ ಅಕ್ಕ ಕ್ಷೀಣಸ್ವರದಲ್ಲಿ ನನ್ನನ್ನು ಕೇಳಿದಳು: “ತಮ್ಮಾ, ಕಷಾಯದ ವಿಷಯ ಹೇಳಲಿಲ್ಲವಲ್ಲ?” ನಾನು ತಲೆ ತಗ್ಗಿಸಿದೆ. ವೈದ್ಯರು ಬಂದಾಗ ಅವಳೇ ಹೇಳಿದಳು.

ಅವರು ಗದರಿಸಲಿಲ್ಲ. ಬಳ್ಳಿಯ ತುಂಡೊಂದನ್ನು ತರಲು ಹೇಳಿದರು. ಅಮೃತಬಳ್ಳಿ ಸೇವಿಸುತ್ತಿದ್ದ ಆರು ಮಂದಿಯಲ್ಲಿ ಯಕೃತ್ತಿಗೆ ಹಾನಿಯಾದುದನ್ನು ಮುಂಬಯಿಯ ವೈದ್ಯರು ಅದೇ ವರ್ಷ ಪ್ರಕಟಿಸಿದ್ದರೆಂದು ತಿಳಿಸಿದರು. ಮರುವರ್ಷ, ಅಂದರೆ 2022ರಲ್ಲಿ, ದೇಶದ ಅನೇಕ ಆಸ್ಪತ್ರೆಗಳು ಸೇರಿ ಇಂಥ 43 ಮಂದಿಯ ವಿವರವನ್ನು ಪ್ರಕಟಿಸಿದವು. ಶರೀರದ ರಕ್ಷಣಾಶಕ್ತಿ ತನ್ನದೇ ಅಂಗವನ್ನು ಪೀಡಿಸುವ ಪ್ರವೃತ್ತಿಯುಳ್ಳವರಲ್ಲಿ, ಆ ಶಕ್ತಿಯನ್ನು ಉದ್ದೀಪಿಸುವ ಬಳ್ಳಿ ಅಪಾಯ ತರಬಹುದೆಂಬುದು ಆ ವೈದ್ಯರ ಅಭಿಪ್ರಾಯ. ಥೈರಾಯ್ಡ್ ಕೊರತೆ ಅನೇಕರಲ್ಲಿ ಅದೇ ಪ್ರವೃತ್ತಿಯಿಂದ ಬರುತ್ತದೆ. ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ. ರೋಗಿಗಳು ಸೇವಿಸಿದ ಗಿಡ ಯಾವುದೆಂದು ಮುಂಬಯಿಯ ವರದಿಯಲ್ಲಿ ನಿರ್ಣಯಿಸಿಲ್ಲ, ಅದೇ ಜಾತಿಯ ಬೇರೆ ಬಳ್ಳಿಯಾಗಿರಬಹುದು, ಅಮೃತಬಳ್ಳಿ ಸುರಕ್ಷಿತ ಎಂದು ಸಾರಿತು. ಎರಡು ವಾದಗಳ ನಡುವೆ ತೀರ್ಪು ಕೊಡುವ ಯೋಗ್ಯತೆ ನನಗಿಲ್ಲ. ಅಕ್ಕನ ವಿಷಯದಲ್ಲಿಯೂ ಬಳ್ಳಿಯೇ ಕಾರಣವೆಂದು ವೈದ್ಯರು ಖಂಡಿತವಾಗಿ ಹೇಳಲಿಲ್ಲ. ಕಷಾಯ ನಿಂತಿತು, ಚಿಕಿತ್ಸೆ ನಡೆಯಿತು, ದೀಪಾವಳಿಯ ನಿರ್ವಾಣಪೂಜೆಯ ಹೊತ್ತಿಗೆ ಕಣ್ಣು ತಿಳಿಯಾಯಿತು. ಆದರೆ ನನ್ನ ದೋಷಕ್ಕೆ ಆ ವಾದಗಳ ತೀರ್ಪಿನ ಅವಶ್ಯಕತೆಯಿಲ್ಲ. ಬಳ್ಳಿ ನಿರ್ದೋಷಿಯಾಗಿದ್ದರೂ, ನಾನು ಕೇಳದೆ ಕೊಟ್ಟೆ, ಕೇಳಿದಾಗ ಮುಚ್ಚಿಟ್ಟೆ.

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಹಿಂಸೆಯ ಲಕ್ಷಣ ಹೇಳುವಾಗ ಆಚಾರ್ಯರು ಪ್ರಮಾದವನ್ನೇ ಮುಂದಿಟ್ಟಿದ್ದಾರೆ. ಕೊಲ್ಲುವ ಸಂಕಲ್ಪವಿಲ್ಲದಿದ್ದರೂ ಎಚ್ಚರದಪ್ಪಿದ ಯೋಗದಿಂದಾಗುವ ಪ್ರಾಣಪೀಡೆ ಹಿಂಸೆಯೇ. ಅದೇ ಅಧ್ಯಾಯದ ಕೊನೆಯಲ್ಲಿ, ದಾನದ ಫಲ ವಿಧಿ, ದ್ರವ್ಯ, ದಾತೃ, ಪಾತ್ರ ಎಂಬ ನಾಲ್ಕರ ವಿಶೇಷದಿಂದ ಭಿನ್ನವಾಗುತ್ತದೆ ಎಂದಿದೆ. ಅಲ್ಲಿ ಪಾತ್ರವೆಂದರೆ ದಾನಕ್ಕೆ ಅರ್ಹನಾದವನೆಂದು ಅರ್ಥ. ಔಷಧದಾನದ ಮಟ್ಟಿಗೆ, ಸ್ವೀಕರಿಸುವವನ ದೇಹಸ್ಥಿತಿಯನ್ನೂ ಅರಿಯಬೇಕೆಂದು ನಾನು ಅದನ್ನು ವಿಸ್ತರಿಸಿಕೊಂಡರೆ ತಿಳಿದವರು ಕ್ಷಮಿಸಬೇಕು. ಬಂಧುಗಳು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಗಳೆಲ್ಲ ಈ ನಾಲ್ಕರಲ್ಲಿಯೇ ಅಡಗಿವೆ.

ಮೊದಲನೆಯದು ದ್ರವ್ಯ. ‘ಗಿಡಮೂಲಿಕೆಯಿಂದ ಗುಣವಾಗದಿದ್ದರೂ ಕೇಡಂತೂ ಇಲ್ಲವಷ್ಟೆ?’ ಎನ್ನುತ್ತಾರೆ. ನಮ್ಮ ಪೂರ್ವಜರು ಹಾಗೆ ಭಾವಿಸಿರಲಿಲ್ಲ. ಹದಿನಾಲ್ಕನೆಯ ಶತಮಾನದ ಜೈನಕವಿ ಮಂಗರಾಜ ಕನ್ನಡದಲ್ಲಿ ಖಗೇಂದ್ರಮಣಿದರ್ಪಣವೆಂಬ ಇಡಿಯ ಗ್ರಂಥವನ್ನೇ ವಿಷವೈದ್ಯಕ್ಕೆ ಮೀಸಲಿಟ್ಟನು. ಹಾವು ಚೇಳುಗಳ ಜಂಗಮವಿಷದಂತೆ ಗಿಡಬೇರುಗಳ ಸ್ಥಾವರವಿಷವೂ ನಮ್ಮ ವೈದ್ಯರಿಗೆ ತಿಳಿದಿತ್ತು. ಸರ್ಪಗಂಧದ ಬೇರನ್ನು ನೋಡಿ. ಅದು ರಕ್ತದೊತ್ತಡವನ್ನು ಇಳಿಸುವುದೆಂದು ಮುಂಬಯಿಯ ಡಾ. ರುಸ್ತುಂ ಜಾಲ್ ವಕೀಲರು 1949ರಲ್ಲಿ ಪ್ರಕಟಿಸಿದಾಗ ಜಗತ್ತು ಅತ್ತ ನೋಡಿತು. 1952ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಅದರ ಸಾರವಾದ ರೆಸರ್ಪಿನ್ ಬೇರ್ಪಟ್ಟಿತು. ಆ ಔಷಧ ಅನೇಕರ ರಕ್ತದೊತ್ತಡವನ್ನು ತಗ್ಗಿಸಿತು. ಕೆಲವರಲ್ಲಿ ಮನಸ್ಸಿನ ಖಿನ್ನತೆಯೂ ಕಂಡಿತು. ಗುಣ ಮಾಡುವ ಶಕ್ತಿಯುಳ್ಳ ವಸ್ತುವಿಗೆ ಕೇಡು ಮಾಡುವ ಶಕ್ತಿಯೂ ಇರಲೇಬೇಕಷ್ಟೆ. ಗಿಡದ ಗುರುತು ತಪ್ಪುವುದೂ ದ್ರವ್ಯದೋಷವೇ. ಅಂಗಡಿಯಲ್ಲಿ ಅಶೋಕದ ತೊಗಟೆಯೆಂದು ಮಾರುವುದು ಎಷ್ಟೋ ವೇಳೆ ರಸ್ತೆಬದಿಯಲ್ಲಿ ಕಂಬದಂತೆ ಬೆಳೆಯುವ ಬೇರೊಂದು ಮರದ ತೊಗಟೆಯಾಗಿರುತ್ತದೆ.

ಎರಡನೆಯದು ವಿಧಿ. ‘ಅಡುಗೆಯಲ್ಲಿ ದಿನವೂ ಬಳಸುವ ಅರಿಸಿನ, ಮೆಂತ್ಯಗಳಿಗೂ ಭಯಪಡಬೇಕೆ?’ ಎಂದು ಕೇಳುತ್ತಾರೆ. ಬೇಡ. ಆದರೆ ಸಾರಿಗೆ ಹಾಕುವ ಚಿಟಿಕೆ ಅರಿಸಿನ ಬೇರೆ, ಸಾರ ತೆಗೆದು ಗುಳಿಗೆಯಲ್ಲಿ ತುಂಬಿದ ಅರಿಸಿನ ಬೇರೆ. ಪ್ರಮಾಣ ಬದಲಾದರೆ ಆಹಾರವೇ ಔಷಧವಾಗುತ್ತದೆ. ಕೆಮ್ಮಿಗೆ ನಾಲ್ಕು ದಿನ ಚಪ್ಪರಿಸುವ ಜ್ಯೇಷ್ಠಮಧುವನ್ನು ತಿಂಗಳುಗಟ್ಟಲೆ ಸೇವಿಸಿದರೆ ರಕ್ತದೊತ್ತಡ ಏರುತ್ತದೆ, ದೇಹದ ಪೊಟ್ಯಾಸಿಯಂ ಕುಗ್ಗುತ್ತದೆ. ಮಲಬದ್ಧತೆಗೆ ಸೋನಾಮುಖಿಯನ್ನು ದಿನಚರಿಯಾಗಿಸಿಕೊಂಡರೆ ಕರುಳು ಅದಕ್ಕೆ ಒಗ್ಗಿಹೋಗುತ್ತದೆ. ಎಷ್ಟು, ಎಷ್ಟು ದಿನ, ಯಾವಾಗ ನಿಲ್ಲಿಸಬೇಕು ಎಂಬ ಮೂರನ್ನು ಹೇಳದೆ ಕೊಟ್ಟ ಮದ್ದು ವಿಧಿಹೀನ ದಾನ. ನನ್ನ ಕಟ್ಟುಗಳಲ್ಲಿ ಆ ಮೂರೂ ಇರಲಿಲ್ಲ.

ಮೂರನೆಯದು ಪಾತ್ರ. ಒಬ್ಬರಿಗೆ ಹಿತವಾದುದು ಇನ್ನೊಬ್ಬರಿಗೆ ಅಹಿತವಾಗಬಹುದು. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವರು ಮೇಲಿಂದ ಮೆಂತ್ಯದ ಪುಡಿ, ಅಮೃತಬಳ್ಳಿಗಳನ್ನು ಸೇವಿಸಿದರೆ ಸಕ್ಕರೆ ಅಗತ್ಯಕ್ಕಿಂತ ಕೆಳಗಿಳಿಯಬಹುದು. ಹೃದ್ರೋಗಕ್ಕಾಗಿ ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ಸೇವಿಸುವವರಿಗೆ ಅರಿಸಿನ, ಶುಂಠಿಗಳ ಸಾರದ ಗುಳಿಗೆಗಳಿಂದ ರಕ್ತಸ್ರಾವದ ಭಯ ಹೆಚ್ಚಬಹುದು. ಬಸುರಿಯರು, ಹಾಲೂಡಿಸುವ ತಾಯಂದಿರು, ಎಳೆಯ ಮಕ್ಕಳು, ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾದವರು, ಯಕೃತ್ತು ಮೂತ್ರಪಿಂಡಗಳ ದೋಷವುಳ್ಳವರು ವೈದ್ಯರನ್ನು ಕೇಳದೆ ಯಾವ ಮೂಲಿಕೆಯನ್ನೂ ಮುಟ್ಟಬಾರದು. ಹಾಗೆಯೇ, ಮೂಲಿಕೆಯ ನೆಚ್ಚಿನಿಂದ ನಡೆಯುತ್ತಿರುವ ಮಾತ್ರೆಯನ್ನು ತಾವಾಗಿ ನಿಲ್ಲಿಸಲೂಬಾರದು.

ಇಲ್ಲಿಯೇ ವ್ರತದ ಪ್ರಶ್ನೆಯೂ ಬರುತ್ತದೆ. ಮದ್ಯ, ಮಾಂಸ, ಮಧುಗಳನ್ನು ತ್ಯಜಿಸಿದವರು ಮದ್ದಿನ ಚೀಟಿಯನ್ನು ಓದಿ ತಿಳಿಯಬೇಕು. ಆಸವ ಅರಿಷ್ಟಗಳು ಹುಳಿತು ಪಕ್ವವಾಗುವಾಗ ಅವುಗಳಲ್ಲಿ ಮದ್ಯಸಾರ ತಾನಾಗಿ ಹುಟ್ಟುತ್ತದೆ, ಸಾಮಾನ್ಯವಾಗಿ ಶೇಕಡ 5ರಿಂದ 10ರಷ್ಟು. ಅನೇಕ ಲೇಹ್ಯಗಳಲ್ಲಿ ಜೇನು ಸೇರಿದೆ. ಗುಳಿಗೆಯ ಮೇಲಿನ ಮೆತ್ತನೆಯ ಕೋಶ ಹಲವು ವೇಳೆ ಪ್ರಾಣಿಜನ್ಯವಾದ ಜೆಲಟಿನ್ನಿನದು. ಇವಿಲ್ಲದೆ ಚಿಕಿತ್ಸೆ ಸಾಧ್ಯವೆಂಬುದನ್ನು ಒಂಬತ್ತನೆಯ ಶತಮಾನದಲ್ಲಿ ಉಗ್ರಾದಿತ್ಯಾಚಾರ್ಯರು ಸಂಸ್ಕೃತದ ಕಲ್ಯಾಣಕಾರಕದಲ್ಲಿಯೂ, ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥ ಕನ್ನಡದ ಕರ್ಣಾಟಕ ಕಲ್ಯಾಣಕಾರಕದಲ್ಲಿಯೂ ತೋರಿಸಿಕೊಟ್ಟಿದ್ದಾರೆ. ಆದುದರಿಂದ ವ್ರತವನ್ನು ವೈದ್ಯರಿಗೆ ಮೊದಲೇ ತಿಳಿಸಿದರೆ ಅರಿಷ್ಟದ ಬದಲು ಕಷಾಯವನ್ನು, ಜೇನಿನ ಬದಲು ಸಕ್ಕರೆ ಬೆಲ್ಲಗಳನ್ನು ಅವರು ಸೂಚಿಸಬಲ್ಲರು. ಕಂದಮೂಲ ತ್ಯಾಗ ಮಾಡಿದವರಿಗೆ ಒಣಗಿದ ಬೇರು ಸಲ್ಲುವುದೇ ಎಂಬುದನ್ನು ತಮ್ಮ ವ್ರತದ ಮರ್ಯಾದೆಯನ್ನರಿತ ಗುರುಗಳಲ್ಲಿ ಕೇಳುವುದು ಲೇಸು. ವೈದ್ಯರ ಮುಂದೆ ತಲೆಯಾಡಿಸಿ, ಮನೆಗೆ ಬಂದು ಮದ್ದನ್ನು ಗುಟ್ಟಾಗಿ ಬಿಡುವುದು ಮಾತ್ರ ವ್ರತಕ್ಕೂ ಹಿತವಲ್ಲ, ದೇಹಕ್ಕೂ ಹಿತವಲ್ಲ.

ನಾಲ್ಕನೆಯದು ದಾತೃ. ನಮ್ಮ ಅಜ್ಜ ಮದ್ದು ಕೊಡುವ ಮುನ್ನ ರೋಗಿಯನ್ನು ಬಹಳ ಹೊತ್ತು ಪ್ರಶ್ನಿಸುತ್ತಿದ್ದುದು ನನಗೆ ನೆನಪಿದೆ. ಏನು ಉಂಡೆ, ನಿದ್ರೆ ಹೇಗೆ, ಇನ್ನಾರ ಮದ್ದು ನಡೆದಿದೆ, ಮನೆಯಲ್ಲಿ ಯಾರಿಗೆ ಯಾವ ಕಾಯಿಲೆಯಿತ್ತು ಎಂದು ಕೇಳುತ್ತಿದ್ದರು. ಎಷ್ಟೋ ಜನರನ್ನು “ಇದು ನನ್ನಿಂದಾಗುವುದಲ್ಲ” ಎಂದು ಬರಿಗೈಯಲ್ಲಿ ಕಳುಹಿಸುತ್ತಿದ್ದರು. ಬಾಲ್ಯದಲ್ಲಿ ಅದು ನನಗೆ ನಿಷ್ಠುರವಾಗಿ ಕಂಡಿತ್ತು. ನಾನು ಅವರ ಬಳ್ಳಿಯನ್ನು ಉಳಿಸಿಕೊಂಡೆ. ಅವರ ಪ್ರಶ್ನೆಗಳನ್ನು ಉಳಿಸಿಕೊಳ್ಳಲಿಲ್ಲ.

ಅಕ್ಕ ಮನೆಗೆ ಮರಳಿದ ಮೇಲೆ ನನಗೊಂದು ಕೆಲಸ ಉಳಿದಿತ್ತು. ಯಾರಿಗೆಲ್ಲ ಬಳ್ಳಿ ಕೊಟ್ಟಿದ್ದೆನೆಂಬ ಪಟ್ಟಿ ನನ್ನಲ್ಲಿರಲಿಲ್ಲ. ನೆನಪಿಗೆ ಬಂದ 23 ಮನೆಗಳಿಗೆ ಹೋಗಿ ನಡೆದುದನ್ನು ಹೇಳಿದೆ. ಪ್ರತಿಕ್ರಮಣದ ಪಾಠವನ್ನು ನಾನು ವರ್ಷಗಳಿಂದ ಓದಿಕೊಂಡು ಬಂದವನು. ಅದನ್ನು ಮನುಷ್ಯರ ಮುಖ ನೋಡಿ ಹೇಳುವುದು ಎಷ್ಟು ಕಷ್ಟವೆಂಬುದು ಆ ದಿನಗಳಲ್ಲಿ ತಿಳಿಯಿತು. ಒಬ್ಬರು, “ಮಾಸ್ತರೇ, ಸುಮ್ಮನೆ ಹೆದರಿಸಬೇಡಿ, ನಮಗೆ ಒಳ್ಳೆಯದೇ ಆಗಿದೆ” ಎಂದರು. ಇರಬಹುದು, ಬಹುಮಂದಿಗೆ ಏನೂ ಆಗಿರಲಿಲ್ಲ. ಆದರೆ ಸಕ್ಕರೆ ಕಾಯಿಲೆಯಿದ್ದ ಒಬ್ಬ ತಾಯಿ, ಕೆಲವು ತಿಂಗಳಿಂದ ಬೆಳಗಿನ ಹೊತ್ತು ಕೈನಡುಕ, ತಲೆಸುತ್ತು ಬರುತ್ತಿದೆಯೆಂದೂ, ವಯಸ್ಸಿನ ದೋಷವೆಂದು ಸುಮ್ಮನಿದ್ದೇನೆಂದೂ ಹೇಳಿದರು. ಕಷಾಯದ ಸಂಗತಿಯನ್ನು ತಮ್ಮ ವೈದ್ಯರಿಗೆ ತಿಳಿಸುವಂತೆ ಅವರನ್ನು ಒಪ್ಪಿಸಿ ಬಂದೆ. ಆ ಒಂದು ಮನೆಗಾಗಿಯಾದರೂ ಉಳಿದ 22 ಮನೆಗಳ ಮೆಟ್ಟಿಲು ಹತ್ತಿದ್ದು ಸಾರ್ಥಕವೆನಿಸಿತು.

ಬಸದಿಗಳ ಆಡಳಿತ ಮಂಡಳಿಗಳಲ್ಲಿ ನನ್ನದೊಂದು ವಿನಂತಿ. ಉಚಿತ ಔಷಧಿ ಶಿಬಿರ, ಮೂಲಿಕಾವನಗಳನ್ನು ನಡೆಸುವುದು ಸ್ತುತ್ಯವಾದ ಕಾರ್ಯ. ಅಲ್ಲಿ ಅರ್ಹ ವೈದ್ಯರೊಬ್ಬರು ಕುಳಿತಿರಲಿ. ಗಿಡವನ್ನು ಬಲ್ಲವರಿಂದ ಗುರುತಿಸಿ ಹೆಸರು ಬರೆದಿಡಲಿ. ಕೊಡುವ ಪೊಟ್ಟಣದೊಡನೆ ಪ್ರಮಾಣ, ಅವಧಿ, ಯಾರು ಸೇವಿಸಬಾರದು ಎಂಬ ಚೀಟಿಯಿರಲಿ. ಪಡೆದವರ ಹೆಸರು ಪುಸ್ತಕದಲ್ಲಿರಲಿ, ನಾಳೆ ಅವರ ಬಾಗಿಲಿಗೆ ಹೋಗಬೇಕಾಗಿ ಬಂದರೆ ದಾರಿ ತಿಳಿಯುವಂತೆ.

ಹಿತ್ತಲಿನ ಬಳ್ಳಿಯನ್ನು ನಾನು ಕಡಿಯಲಿಲ್ಲ. ಅದರ ತಪ್ಪೇನೂ ಇಲ್ಲ. ಈಗಲೂ ಕೆಲವರು ಕೇಳಿಕೊಂಡು ಬರುತ್ತಾರೆ. ಅವರನ್ನು ಜಗಲಿಯಲ್ಲಿ ಕುಳ್ಳಿರಿಸಿ, ನೀರು ಕೊಟ್ಟು, ಯಾವ ಯಾವ ಮಾತ್ರೆ ಸೇವಿಸುತ್ತೀರಿ ಎಂದು ವಿಚಾರಿಸುತ್ತೇನೆ. ಬಳಿಕ ಬಹುಮಂದಿಯನ್ನು ವೈದ್ಯರ ಬಳಿಗೇ ಕಳುಹಿಸುತ್ತೇನೆ. ಹೀಗೆ ಬರಿಗೈಯಲ್ಲಿ ಹೋಗುವವರಿಗೆ ನಾನೂ ಅಜ್ಜನಂತೆ ನಿಷ್ಠುರನಾಗಿ ಕಾಣುತ್ತಿರಬಹುದು.