ದಂಡಿನ ಲೆಕ್ಕ

ಕುವೈತ್ ನಗರದ ದಕ್ಷಿಣಕ್ಕೆ, ಮರಳುಗಾಡಿನಲ್ಲಿ ಅರಿಫ್ಜಾನ್ ಎಂಬ ಅಮೆರಿಕನ್ ಸೇನಾ ಶಿಬಿರವಿದೆ. ಅದಕ್ಕೆ ಸಾಮಾನು ಒದಗಿಸುವ ಒಂದು ಗುತ್ತಿಗೆ ಕಂಪನಿಯಲ್ಲಿ ನಾನು ಲೆಕ್ಕ ಬರೆಯುವವನು. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಮ್ಮನ್ನೆಲ್ಲ ಕೂರಿಸಿ ಮಾನವ ಸಾಗಣೆಯ ವಿರುದ್ಧ ಒಂದು ತರಬೇತಿ ಕೊಟ್ಟರು. ನೌಕರನ ಪಾಸ್‌ಪೋರ್ಟನ್ನು ಮಾಲೀಕ ಕಿತ್ತಿಟ್ಟುಕೊಳ್ಳುವಂತಿಲ್ಲ, ಕೆಲಸ ಕೊಡಿಸಿದ್ದಕ್ಕೆ ಅವನಿಂದ ಹಣ ವಸೂಲು ಮಾಡುವಂತಿಲ್ಲ, ಗುತ್ತಿಗೆ ಮುಗಿಯುವ ತನಕ ನಮ್ಮಲ್ಲಿ ಯಾರೂ ದುಡ್ಡು ಕೊಟ್ಟು ಹೆಣ್ಣಿನ ಸಹವಾಸ ಮಾಡುವಂತಿಲ್ಲ. ಅಮೆರಿಕನ್ ಸೈನಿಕನಿಗಂತೂ 2005ರಿಂದ ಅದು ಒಂದು ವರ್ಷದವರೆಗೆ ಸೆರೆವಾಸ ವಿಧಿಸಬಹುದಾದ ಅಪರಾಧ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಾನೂ ನಕ್ಕೆ.

ಆ ರಾತ್ರಿ ಅಜ್ಜಿ ನೆನಪಾದಳು. ನಾವು ಬೆಂಗಳೂರಿನ ಪೇಟೆ ಕಡೆಯವರು. ಕಂಟೋನ್ಮೆಂಟಿಗೆ ಅಜ್ಜಿ ‘ದಂಡು’ ಎಂದೇ ಹೇಳುತ್ತಿದ್ದಳು. ಮುಸ್ಸಂಜೆಯಲ್ಲಿ ಅಕ್ಕ ಬೀದಿಬಾಗಿಲಲ್ಲಿ ನಿಂತರೆ, ‘ಯಾಕೇ, ದಂಡಿಗೆ ಹೋಗೋಳ ಹಾಗೆ ನಿಂತಿದ್ದೀಯ?’ ಎಂದು ಗದರುತ್ತಿದ್ದಳು. ಅದರ ಅರ್ಥ ನನಗೆ ಹೊಳೆದದ್ದು ಇಲ್ಲಿಗೆ ಬಂದ ಮೇಲೆ, ಆ ತರಬೇತಿಯ ನೆಪದಲ್ಲಿ ಹಳೆಯ ವರದಿಗಳನ್ನು ಓದತೊಡಗಿದಾಗ.

ಬೆಂಗಳೂರಿನ ದಂಡು ನೆಲೆಯೂರಿದ್ದು 1809ರಲ್ಲಿ. ಬ್ರಿಟಿಷ್ ಸಿಪಾಯಿಗಳಲ್ಲಿ ಹೆಂಡತಿಯನ್ನು ಜೊತೆಗಿಟ್ಟುಕೊಳ್ಳಲು ಅನುಮತಿ ಸಿಗುತ್ತಿದ್ದುದು ಕೆಲವರಿಗೆ ಮಾತ್ರ. ಉಳಿದವರಿಗೆಂದು ರೆಜಿಮೆಂಟಿನ ಬಜಾರಿನಲ್ಲಿ ಹೆಂಗಸರಿರುತ್ತಿದ್ದರು. ಉತ್ತರದ ದಂಡುಗಳಲ್ಲಿ ಅದಕ್ಕೆ ಲಾಲ್ ಬಜಾರ್ ಎಂಬ ಹೆಸರು. 1857ರ ದಂಗೆಯ ನಂತರ ಬಿಳಿಯ ಸೈನಿಕರ ಸಂಖ್ಯೆ ಹೆಚ್ಚಿತು, ಗುಹ್ಯರೋಗದ ಭಯವೂ ಹೆಚ್ಚಿತು. 1864ರ ಕಂಟೋನ್ಮೆಂಟ್ ಕಾಯ್ದೆ, 1868ರ ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂದವು. ಆ ಹೆಂಗಸರ ಹೆಸರು ನೋಂದಾಯಿಸಿ ಚೀಟಿ ಕೊಡುತ್ತಿದ್ದರು. ನಿಗದಿಯಾದ ದಿನ ಮೈ ತೋರಿಸಬೇಕು, ರೋಗ ಕಂಡರೆ ‘ಲಾಕ್ ಆಸ್ಪತ್ರೆ’ಯಲ್ಲಿ ವಾಸಿಯಾಗುವ ತನಕ ಇರಬೇಕು, ತಪ್ಪಿಸಿಕೊಂಡರೆ ದಂಡ, ಇಲ್ಲವೆ ಜೈಲು. ಬೆಂಗಳೂರು, ಬಳ್ಳಾರಿಗಳಲ್ಲೂ ಅಂಥ ಆಸ್ಪತ್ರೆಗಳಿದ್ದವು. ಮದ್ರಾಸ್ ಪ್ರೆಸಿಡೆನ್ಸಿಯ ವಾರ್ಷಿಕ ವರದಿಗಳಲ್ಲಿ ಅವುಗಳ ಲೆಕ್ಕ ಇಂದಿಗೂ ಇದೆ.

ಲೆಕ್ಕ ಬರೆಯುವವನ ಕಣ್ಣು ಮೊದಲು ಹೋಗುವುದು ಅಂಕಣಗಳ ಕಡೆಗೆ. ನೋಂದಾಯಿತ ಹೆಂಗಸರು ಎಷ್ಟು, ರೋಗ ಕಂಡವರು ಎಷ್ಟು, ಆಸ್ಪತ್ರೆಯಲ್ಲಿದ್ದವರು ಎಷ್ಟು, ಕಾಯಿಲೆ ಬಿದ್ದ ಸಿಪಾಯಿಗಳು ಎಷ್ಟು. ಸಿಪಾಯಿ ಅಲ್ಲಿ ನಷ್ಟದ ಬಾಬ್ತು, ಹೆಂಗಸು ನಷ್ಟಕ್ಕೆ ಕಾರಣ. ರೋಗವನ್ನು ಅವಳಿಗೆ ಅಂಟಿಸಿದವನಿಗೆ ಆ ಕಾಯ್ದೆಯಲ್ಲಿ ಚೀಟಿಯೂ ಇಲ್ಲ, ಜೈಲೂ ಇಲ್ಲ.

1886ರಲ್ಲಿ ಸೇನೆಯ ಮುಖ್ಯ ಕಚೇರಿಯಿಂದ ಹೊರಟ ಒಂದು ಸುತ್ತೋಲೆ, ಬಜಾರಿನಲ್ಲಿ ಸಾಕಷ್ಟು ಹೆಂಗಸರಿರಲಿ, ಅವರು ನೋಡಲು ಚೆನ್ನಾಗಿರಲಿ ಎಂದು ಬರೆಯಿತು. ಇಂಗ್ಲೆಂಡಿನಲ್ಲಿ ಜೋಸೆಫಿನ್ ಬಟ್ಲರ್ ಮತ್ತು ಸಂಗಡಿಗರು ಎತ್ತಿದ ಗದ್ದಲಕ್ಕೆ 1888ರಲ್ಲಿ ಕಾಯ್ದೆ ರದ್ದಾಯಿತು. ಆದರೆ ಕ್ಯಾಥರೀನ್ ಬುಶ್ನೆಲ್ ಮತ್ತು ಎಲಿಜಬೆತ್ ಆಂಡ್ರ್ಯೂ ಎಂಬ ಇಬ್ಬರು ಅಮೆರಿಕನ್ ಮಹಿಳೆಯರು ಉತ್ತರ ಭಾರತದ ದಂಡುಗಳನ್ನು ಸುತ್ತಿ, ಆ ಹೆಂಗಸರನ್ನೇ ಮಾತನಾಡಿಸಿದಾಗ, ತಪಾಸಣೆ ಹಾಗೆಯೇ ನಡೆದಿರುವುದು ಬಯಲಾಯಿತು. ಅದನ್ನು ಅಲ್ಲಗಳೆದಿದ್ದ ಸೇನಾಧಿಪತಿ ಲಾರ್ಡ್ ರಾಬರ್ಟ್ಸ್ 1893ರಲ್ಲಿ ಕ್ಷಮೆ ಕೇಳಬೇಕಾಯಿತು.

ಇದನ್ನು ಓದುವಾಗ ನನಗೆ ಸಿಟ್ಟು ಬಂತು. ಸಿಟ್ಟು ಇಳಿದ ಮೇಲೆ ಮೆಹಬೂಲಾದ ಲಿಫ್ಟು ನೆನಪಿಗೆ ಬಂತು.

ಆಗ ನಾನು ಮೆಹಬೂಲಾದ ಒಂದು ಕಟ್ಟಡದಲ್ಲಿ ನಾಲ್ವರ ಜೊತೆ ಇದ್ದೆ. ಮೇಲಿನ ಮಹಡಿಯ ಒಂದು ಫ್ಲ್ಯಾಟಿಗೆ ಹೊತ್ತಲ್ಲದ ಹೊತ್ತಲ್ಲಿ ಗಂಡಸರು ಬಂದು ಹೋಗುತ್ತಿದ್ದರು. ಒಂದು ಬೆಳಗ್ಗೆ ನಾನು ಫೋನಿನಲ್ಲಿ ಊರಿನವರ ಜೊತೆ ಮಾತನಾಡಿದ್ದನ್ನು ಕೇಳಿಸಿಕೊಂಡ ಹೆಂಗಸೊಬ್ಬಳು ಲಿಫ್ಟಿನಲ್ಲಿ ಮೆಲ್ಲಗೆ, ‘ಅಣ್ಣಾ, ಎಂಬೆಸಿಗೆ ಹ್ಯಾಗೆ ಹೋಗೋದು?’ ಎಂದಳು. ಕೋಲಾರದ ಕಡೆಯ ಮಾತು. ರೂಮಿನವರು ಮೊದಲೇ ಎಚ್ಚರಿಸಿದ್ದರು: ‘ಅವಳ ತಂಟೆ ಬೇಡ, ಅಂಥವಳು.’ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದಷ್ಟೇ ಹೇಳಿ, ಬಾಗಿಲು ತೆರೆದದ್ದೇ ಹೊರಟುಬಿಟ್ಟೆ. ಪಾಸ್‌ಪೋರ್ಟ್ ನಿನ್ನ ಹತ್ತಿರ ಇದೆಯಾ, ಬಸ್ಸಿಗೆ ಕಾಸಿದೆಯಾ ಎಂದು ಕೇಳಲಿಲ್ಲ. ಕಷ್ಟದಲ್ಲಿರುವ ಹೆಂಗಸರಿಗೆ ಎಂಬೆಸಿಯ ಆಶ್ರಯಕೇಂದ್ರ ಇದೆ ಎಂಬುದು ನನಗೆ ಗೊತ್ತಿತ್ತು. ಅದನ್ನೂ ಹೇಳಲಿಲ್ಲ. ಸ್ವಲ್ಪ ದಿನಕ್ಕೆ ಆ ಫ್ಲ್ಯಾಟಿಗೆ ಬೀಗ ಬಿತ್ತು.

‘ಅಂಥವಳು.’ ಲಾಕ್ ಆಸ್ಪತ್ರೆಯ ಗುಮಾಸ್ತ ಇಡೀ ರಿಜಿಸ್ಟರಿನಲ್ಲಿ ಬರೆದದ್ದನ್ನು ನಾವು ಒಂದೇ ಮಾತಿನಲ್ಲಿ ಬರೆದು ಮುಗಿಸಿದ್ದೆವು. ಬಂದು ಹೋಗುತ್ತಿದ್ದ ಗಂಡಸರಿಗೆ ನಮ್ಮಲ್ಲೂ ಹೆಸರಿರಲಿಲ್ಲ.

ಕುವೈತ್ ಬಿಡುಗಡೆಯಾದ 1991ರಲ್ಲೇ, ಆಗಸ್ಟ್ 14ರಂದು, ಕೊರಿಯಾದ ಕಿಮ್ ಹಾಕ್-ಸುನ್ ಎಂಬ ವೃದ್ಧೆ ಜಪಾನಿ ಸೇನೆ ತನ್ನನ್ನು ಹೇಗೆ ಬಳಸಿಕೊಂಡಿತೆಂದು ತನ್ನ ಹೆಸರು ಹೇಳಿಕೊಂಡೇ ಲೋಕಕ್ಕೆ ತಿಳಿಸಿದಳು. ಅಷ್ಟು ಹೇಳಲು ಅವಳಿಗೆ ಅರ್ಧ ಶತಮಾನ ಬೇಕಾಯಿತು. ನಮ್ಮ ದಂಡಿನ ಹೆಂಗಸರಿಗೆ ಆ ದಿನವೂ ಬರಲಿಲ್ಲ. ಉಳಿದದ್ದು ಅಜ್ಜಿಯ ಬೈಗುಳ ಒಂದೇ.

ಈಗ ಹೊಸಬರಿಗೆ ತರಬೇತಿ ನಡೆಯುವಾಗ ಇಂಗ್ಲಿಷ್ ಬಾರದ ನಮ್ಮ ಹುಡುಗರಿಗೆ ಅದನ್ನು ಕನ್ನಡದಲ್ಲಿ ಬಿಡಿಸಿ ಹೇಳುವುದು ನನ್ನ ಪಾಲಿನ ಕೆಲಸ. ಆ ಜಾಗಕ್ಕೆ ಬಂದಾಗ ಅವರೂ ನಗುತ್ತಾರೆ. ನಗು ನಿಲ್ಲುವ ತನಕ ಕಾಯುತ್ತೇನೆ. ಆಮೇಲೆ ಹಾಳೆಯಲ್ಲಿಲ್ಲದ ಒಂದು ಮಾತು ಸೇರಿಸುತ್ತೇನೆ: ‘ಅಂಥವಳು ಅಂತ ಯಾರಾದರೂ ತೋರಿಸಿದರೆ, ಅವಳ ಪಾಸ್‌ಪೋರ್ಟ್ ಯಾರ ಹತ್ತಿರ ಇದೆ ಅಂತ ಮೊದಲು ಕೇಳಿ.’ ಆಮೇಲೆ ಎಂಬೆಸಿಯ ನಂಬರನ್ನು ಬೋರ್ಡಿನ ಮೇಲೆ ಬರೆಯುತ್ತೇನೆ.