ಎರಡು ಕ್ಯಾನ್ ರಬ್ಬರ್ ಹಾಲು

ಒಲೆ ಹತ್ತಿರ ಸರಿದು ಕೂರಿ, ಹೇಳ್ತೀನಿ. ಸೊರಬದ ಕಾನಿನಂಚಲ್ಲಿ ನಮ್ಮ ಸೋದರಮಾವನ ರಬ್ಬರ್ ತೋಟ. ಸುತ್ತ ಎಲ್ಲರೂ ಅಡಿಕೆಯವರು, ರಬ್ಬರ್ ಹಾಕಿದ್ದಕ್ಕೆ ನೆಂಟರೆಲ್ಲ ನಕ್ಕಿದ್ದರು. ಆ ವರ್ಷ ದೀಪಾವಳಿ ಕಳೆದರೂ ಮಳೆ ಬಿಟ್ಟಿರಲಿಲ್ಲ.

ಬೆಳಕು ಹರಿಯೋ ಮೊದಲೇ ಟ್ಯಾಪಿಂಗ್ ಮುಗಿಸಬೇಕು, ಬಿಸಿಲೇರಿದರೆ ಹರಿವು ಕಮ್ಮಿ. ತೊಗಟೆಯ ಓರೆ ಗೀರಿನಿಂದ ಹಾಲು ಕರಟಕ್ಕೆ ತೊಟ್ಟಿಕ್ಕುತ್ತಿತ್ತು. ಎರಡು ಕ್ಯಾನ್ ತುಂಬಿತು. ಒಂದಕ್ಕೆ ಮಾವ ಅಮೋನಿಯಾ ಬೆರೆಸಿದರು, ಮೂಗುರಿದು ನಾವು ಮಕ್ಕಳೆಲ್ಲ ಓಡಿದೆವು. ಇನ್ನೊಂದಕ್ಕೆ ಸುರಿಯಲು ಹೋದರೆ ಡಬ್ಬ ಖಾಲಿ. “ಇರಲಿ ಬಿಡ್ರೋ, ಶಿಕಾರಿಪುರ ಏನು ಕಾಶಿಯೇ?” ಅಂತ ಎರಡನ್ನೂ ಜೀಪಿಗೇರಿಸಿದರು. ಲಾರಿ ಅಲ್ಲಿ ಕಾಯುತ್ತಿತ್ತು. ಶಿರಾಳಕೊಪ್ಪಕ್ಕಿಂತ ಮೊದಲೇ ಹಳ್ಳ ರಸ್ತೆ ಮೇಲೆ ಹರಿಯುತ್ತಿತ್ತು. ಸಂಜೆಯವರೆಗೆ ಅಲ್ಲೇ.

ಮುಚ್ಚಳ ತೆಗೆದರೆ ಅಮೋನಿಯಾದ್ದು ಇದ್ದ ಹಾಗೇ ಹಾಲು. ಇನ್ನೊಂದರಲ್ಲಿ ಬಿಳಿ ಮುದ್ದೆ, ಸುತ್ತ ತಿಳಿನೀರು, ಹುಳಿ ನಾತ.

ಆಗಿದ್ದು ಇಷ್ಟು. ರಬ್ಬರ್ ನೀರಿನಲ್ಲಿ ಕರಗುವುದಿಲ್ಲ, ಸಣ್ಣ ಕಣಗಳಾಗಿ ತೇಲುತ್ತದೆ. ತೊಗಟೆಯ ಹಾಲುನಾಳಗಳಲ್ಲಿ ಕಿಣ್ವಗಳು ಕಣದ ಮೈಮೇಲೆಯೇ ಕೂತು ಐಸೊಪ್ರೀನ್ ಸರಪಳಿ ಹೆಣೆಯುತ್ತವೆ, ನೀರಿಗೆ ಒಗ್ಗದ ಸರಪಳಿ ಕಣದೊಳಗೆ ಮುದುಡಿಕೊಳ್ಳುತ್ತದೆ. ಬಹುಪಾಲು ಕಣಗಳು 250 ನ್ಯಾನೊಮೀಟರಿಗಿಂತ ಸಣ್ಣವು, ಒಂದು ಮಿಲಿಮೀಟರಿನಲ್ಲಿ 10 ಲಕ್ಷ ನ್ಯಾನೊಮೀಟರ್ ಇವೆ ಅಂದರೆ ಲೆಕ್ಕ ಹಾಕಿ. ಪ್ರತಿ ಕಣಕ್ಕೂ ಪ್ರೋಟೀನ್ ಮತ್ತು ಫಾಸ್ಫೊಲಿಪಿಡ್ ಹೊದಿಕೆ, ಅದರ ತುಂಬ ಋಣ ವಿದ್ಯುದಂಶ. ಹಾಗಾಗಿ ಹತ್ತಿರ ಬಂದ ಕಣಗಳು ಪರಸ್ಪರ ದೂಡಿಕೊಳ್ಳುತ್ತವೆ. ಬ್ಯಾಕ್ಟೀರಿಯಾ ಹಾಲಿನ ಸಕ್ಕರೆ ತಿಂದು ಆಮ್ಲ ಬಿಟ್ಟಾಗ ಆ ವಿದ್ಯುದಂಶ ಅಳಿಯುತ್ತದೆ. ಮತ್ತೇನು, ಹೆಪ್ಪಿಟ್ಟ ಹಾಲಿನ ಕಥೆಯೇ. ಶೀಟ್ ಮಾಡುವವರು ಫಾರ್ಮಿಕ್ ಆ್ಯಸಿಡ್ ಹಾಕುವುದೂ ಇದಕ್ಕೇ, ಅವರಿಗೆ ಬೇಕಾಗಿ, ನಮಗೆ ಬೇಡವಾಗಿ.

ಅಮೋನಿಯಾ ಬ್ಯಾಕ್ಟೀರಿಯಾ ಕೊಲ್ಲುತ್ತದೆ, ಹುಳಿ ಏರಗೊಡುವುದಿಲ್ಲ. ಸಾಲದ್ದಕ್ಕೆ ಹೊದಿಕೆಯ ಫಾಸ್ಫೊಲಿಪಿಡ್ಡನ್ನು ಒಡೆದು ಸಾಬೂನು ಮಾಡುತ್ತದೆ. ಆ ಸಾಬೂನು ಕಣಗಳನ್ನು ಇನ್ನಷ್ಟು ಬಿಗಿಯಾಗಿ ಕಾಯುತ್ತದೆ.

ಕಣಗಳನ್ನು ನೀರಿನಲ್ಲಿ ತೇಲಿಸಿಡುವ ಈ ಉಪಾಯವನ್ನು ಮನುಷ್ಯ ಮರದಿಂದಲೇ ಕದ್ದ. 1942ರಲ್ಲಿ ಜಪಾನ್ ಮಲಯ ಹಿಡಿದು ರಬ್ಬರ್ ಸರಬರಾಜು ನಿಂತಾಗ ಅಮೆರಿಕದವರು ಸಾಬೂನು ನೀರಿನಲ್ಲಿ ಸ್ಟೈರೀನ್, ಬ್ಯೂಟಾಡಯೀನ್ ಕಲಕಿ ಕೃತಕ ರಬ್ಬರಿನ ಹಾಲನ್ನೇ ರಾಶಿಗಟ್ಟಲೆ ಮಾಡಿದರು. ಗೋಡೆಗೆ ಬಳಿಯುವ ಎಮಲ್ಷನ್, ಬಡಗಿಯ ಫೆವಿಕಾಲ್ ಎಲ್ಲ ಅದೇ ಸಂತತಿ.

ಮುದ್ದೆಯನ್ನು ಮಾವ ಬಿಸಾಡಲಿಲ್ಲ. ಒಡೆದ ಹಾಲಿಗೂ ಗಿರಾಕಿ ಇದ್ದಾರೆ, ಸಿಗುವುದು ಸ್ಕ್ರಾಪ್ ದರ ಅಷ್ಟೆ.