ಮುತ್ಯಾನ ಮಾತು

ಹಳ್ಳಿಗನ ಜೀವನದರ್ಶನವನ್ನು ಕುರಿತು ಬರೆಯಹೊರಟವರು ಸಾಮಾನ್ಯವಾಗಿ ಗಾದೆಗಳನ್ನು ಒಂದರ ಕೆಳಗೊಂದು ಜೋಡಿಸಿ, ಅವುಗಳಿಂದ ಒಂದು ನೀತಿಸಂಹಿತೆಯನ್ನು ಕಟ್ಟಲು ಯತ್ನಿಸುವರು. ಹಾಗೆ ಜೋಡಿಸಿದೊಡನೆಯೇ ಅವು ತಮ್ಮತಮ್ಮಲ್ಲಿ ಕಲಹಕ್ಕೆ ತೊಡಗುವುವು. “ತಾಳಿದವ ಬಾಳ್ಯಾನು” ಎಂಬುದರ ಬೆನ್ನಿಗೇ “ಬಗ್ಗಿದವಗ ಒಂದು ಗುದ್ದು ಹೆಚ್ಚು” ಎಂಬುದು ನಿಂತಿದೆ. “ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು” ಎಂದು ಎಚ್ಚರಿಸುವ ನಾಲಗೆಯೇ “ಬಾಯಿದ್ದವ ಬರಗಾಲದಾಗೂ ಬದುಕ್ಯಾನು” ಎಂದು ಹುರಿದುಂಬಿಸುತ್ತದೆ. ಇದನ್ನು ಅಸಂಗತಿಯೆಂದು ಬಗೆದು ಜನಪದದ ವಿವೇಕವನ್ನು ಹಗುರಾಗಿ ಕಾಣುವ ಪಂಡಿತರುಂಟು. ನನಗಾದರೋ ಆ ವಿರೋಧದಲ್ಲಿಯೇ ಆ ವಿವೇಕದ ಜೀವವಿರುವುದೆಂದು ತೋರುತ್ತದೆ. ನಾಡವೈದ್ಯನ ಚೀಲದಲ್ಲಿ ಉಷ್ಣಕ್ಕೊಂದು ಬೇರು, ಶೀತಕ್ಕೊಂದು ಬೇರು ಇರುವುದನ್ನು ಕಂಡು ಅವನ ಶಾಸ್ತ್ರವೇ ಸುಳ್ಳೆಂದು ಯಾರೂ ಹೇಳರಷ್ಟೆ!

ವಿಜಾಪುರ ಸೀಮೆಯ ಒಂದು ಹಳ್ಳಿಯಲ್ಲಿ, ಹನುಮಂತದೇವರ ಗುಡಿಯ ಕಟ್ಟೆಯ ಮೇಲೆ ಸಂಜೆಯ ಹೊತ್ತು ಕುಳಿತಿರುತ್ತಿದ್ದ ವೃದ್ಧರೊಬ್ಬರನ್ನು ಊರವರೆಲ್ಲ ಮುತ್ಯಾ ಎಂದೇ ಕರೆಯುತ್ತಿದ್ದರು. ಬದುವಿನ ಮಣ್ಣಿಗಾಗಿ ಒಡಹುಟ್ಟಿದ ಅಣ್ಣನ ಮೇಲೆ ಕೈಯೆತ್ತಲು ಹೊರಟ ತರುಣನನ್ನು ತಡೆದು, “ತಮ್ಮಾ, ಆ ಗೇಣು ಮಣ್ಣು ಯಾರ ಹೊಟ್ಟಿ ತುಂಬಸ್ತೈತಿ? ತಾಳಿದವ ಬಾಳ್ಯಾನು, ಮನಿಗೆ ನಡಿ” ಎಂದ ಆ ಹಿರಿಯರೇ, ಗಂಡನನ್ನು ಕಳೆದುಕೊಂಡು, ದಾಯಾದಿಗಳು ಹೊಲ ಕಸಿದರೂ ಸುಮ್ಮನಿದ್ದ ಹೆಣ್ಣುಮಗಳಿಗೆ, “ಯವ್ವಾ, ಬಗ್ಗಿದವರಿಗೆ ಒಂದು ಗುದ್ದು ಹೆಚ್ಚು, ನಾನೂ ಬರ್ತೇನಿ, ನಾಳೆ ಕಚೇರಿಗೆ ಹೋಗೂಣು” ಎಂದದ್ದನ್ನು ನಾನು ಕೇಳಿದ್ದೇನೆ. ಬಲವುಳ್ಳವನಿಗೆ ತಾಳ್ಮೆಯನ್ನೂ ಬಲವಿಲ್ಲದವಳಿಗೆ ಧೈರ್ಯವನ್ನೂ ಬೋಧಿಸಿದ ಆ ಮನಸ್ಸಿನಲ್ಲಿ ವಿರೋಧವೆಲ್ಲಿ? ಗಾದೆ ಎಲ್ಲರ ಸ್ವತ್ತು. ಯಾವುದನ್ನು ಯಾರಿಗೆ ಹೇಳಬೇಕೆಂಬ ವಿವೇಚನೆ ಮಾತ್ರ ಮುತ್ಯಾನದು.

ಈ ವಿವೇಚನೆಯನ್ನು ಕಲಿಸಿದ ಗುರು ಆ ಸೀಮೆಯ ಮುಗಿಲು. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆಯನ್ನು ನೆಚ್ಚಿ ಬದುಕುವ ಆ ನೆಲದಲ್ಲಿ, ಸೂರ್ಯನು ಒಂದೊಂದು ನಕ್ಷತ್ರದಲ್ಲಿ ತಂಗುವ ಹದಿಮೂರು ಹದಿನಾಲ್ಕು ದಿನಗಳ ಅವಧಿಗೆ ಒಂದೊಂದು ಮಳೆಯ ಹೆಸರಿದೆ. ಮೇ ತಿಂಗಳ ಕೊನೆಗೆ “ರೋಹಿಣಿ ಮಳಿ ಆದ್ರ ಓಣಿ ತುಂಬ ಜ್ವಾಳ” ಎಂದು ಆರಂಭವಾಗುವ ನಿರೀಕ್ಷೆಯು, ಉತ್ತರೆ ಹಸ್ತಗಳಲ್ಲಿ ಹಿಂಗಾರಿ ಬಿತ್ತನೆಯಾಗಿ, ಅಕ್ಟೋಬರ್ ಕೊನೆಗೆ “ಸ್ವಾತಿ ಮಳಿ ಆದ್ರ ಮುತ್ತಿನಂಥಾ ಜ್ವಾಳ” ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಆಮೇಲೆ ಬೆಳೆಯನ್ನು ಸಲಹುವ ಭಾರ ಎರೆಭೂಮಿ ಹೀರಿಟ್ಟ ತೇವದ್ದು. ಈ ಮಾತುಗಳಲ್ಲಿ ಒಂದೂ ಆಶ್ವಾಸನೆಯಲ್ಲ. ಮಳೆಯಾದರೆ ಉಂಟು, ಆಗದಿದ್ದರೆ ಇಲ್ಲವೆಂಬ ನಿಬಂಧನೆಯಷ್ಟೆ. 1876-78ರ ಘೋರ ಕ್ಷಾಮವನ್ನು ಕಂಡ ನಾಡು ಇದಕ್ಕಿಂತ ಹೆಚ್ಚಿನ ಭರವಸೆಯನ್ನು ಹೇಗೆ ತಾನೇ ಕೊಟ್ಟೀತು?

ಇಷ್ಟರಿಂದಲೇ ರೈತನನ್ನು ವಿಧಿವಾದಿಯೆನ್ನುವುದು ಅನ್ಯಾಯ. “ಹಣೀಬರಕ ಹೊಣಿ ಯಾರು” ಎಂಬ ಮಾತನ್ನು ಮುತ್ಯಾ ಆಡುತ್ತಿದ್ದುದು, ಹರಗಿ ಬಿತ್ತಿ ಕಳೆ ತೆಗೆದು ಮಾಡುವುದನ್ನೆಲ್ಲ ಮಾಡಿ, ಕಡೆಗೆ ಒಣಗಿದ ಪೈರಿನ ಮುಂದೆ ಕುಸಿದು ಕುಳಿತವನ ಬೆನ್ನು ಸವರುವಾಗ. ಬಿತ್ತುವ ಹೊತ್ತಿನಲ್ಲಿ ಮಲಗಿದವನಿಗೆ ಅವರಿಂದ ದೊರೆಯುತ್ತಿದ್ದುದು “ಕೈ ಕೆಸರಾದ್ರ ಬಾಯಿ ಮೊಸರು” ಎಂಬುದೊಂದೇ. ವಿಧಿಯನ್ನು ಶ್ರಮಕ್ಕೆ ಮೊದಲು ನೆನೆದರೆ ಅದು ಮೈಗಳ್ಳತನ; ಶ್ರಮದ ಅನಂತರ ನೆನೆದರೆ ಮನುಷ್ಯನು ಆತ್ಮನಿಂದೆಯಿಂದ ಪಾರಾಗುತ್ತಾನೆ. ಗ್ರಂಥಗಳಲ್ಲಿ ದೈವ ಪುರುಷಕಾರಗಳ ಕುರಿತು ಓದಿದ ವಾದಗಳಾವುವೂ ನನಗೆ ಇಷ್ಟು ಕರುಣೆಯಿಂದ ಈ ತೊಡಕನ್ನು ಬಿಡಿಸಿಲ್ಲ.

ಫಲದ ಭರವಸೆಯಿಲ್ಲದಿದ್ದರೂ, ಎಳ್ಳಮಾವಾಸ್ಯೆಯಂದು ಬಂಡಿ ಹೂಡಿಕೊಂಡು ಹೊಲಕ್ಕೆ ಹೋಗಿ, ಐದು ಕಲ್ಲುಗಳನ್ನು ಪಾಂಡವರೆಂದು ಪೂಜಿಸಿ, ಸಜ್ಜೆಯ ರೊಟ್ಟಿ, ಕಡುಬು, ಪಲ್ಯಗಳನ್ನು ಕಲಸಿದ ಚರಗವನ್ನು ತಾವು ಉಣ್ಣುವುದಕ್ಕೆ ಮೊದಲು ಭೂಮಿಗೆ ಚೆಲ್ಲುವ ಜನ ಈ ರೈತರು. ಕಾಳು ಇನ್ನೂ ಕಣಕ್ಕೆ ಬಂದಿರದ ಹೊತ್ತಿನಲ್ಲಿ ಕೊಡುವ ಈ ಪಾಲನ್ನು ನಾನು ಔದಾರ್ಯದ ಅತ್ಯುನ್ನತ ರೂಪವೆಂದು ಎಣಿಸುತ್ತೇನೆ.

ಇಂಥ ಜನರ ಮಾತನ್ನು ಬರಹಕ್ಕಿಳಿಸಿದವರು ಇಲ್ಲದಿಲ್ಲ. 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ತನ್ನ ನಿಘಂಟಿನಲ್ಲಿ ಕಿಟೆಲ್ ಮಹಾಶಯನು ಗಾದೆಗಳಿಗೆ ಉದಾರವಾಗಿ ಸ್ಥಾನವಿತ್ತನು. ಹಲಸಂಗಿಯ ಗೆಳೆಯರು ಹಳ್ಳಿಯ ಹೆಣ್ಣುಮಕ್ಕಳ ಹಾಡುಗಳನ್ನು ಸಂಗ್ರಹಿಸಿ 1931ರಲ್ಲಿ ‘ಗರತಿಯ ಹಾಡು’ ಎಂದು ಅಚ್ಚುಹಾಕಿಸಿದರು. ಇವರ ಋಣ ದೊಡ್ಡದು. ಆದರೆ ಗಾದೆಯ ಸಂದರ್ಭವನ್ನು, ಅದನ್ನಾಡಿದವರ ದನಿಯನ್ನು, ಕೇಳಿದವರ ಕಷ್ಟವನ್ನು ದಾಖಲಿಸುವ ಕೆಲಸ ಇನ್ನೂ ಬಹಳ ಉಳಿದಿದೆ, ಮತ್ತು ಅದನ್ನು ಬಲ್ಲವರು ವರ್ಷವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಓದಿಗಾಗಿಯೋ ಉದ್ಯೋಗಕ್ಕಾಗಿಯೋ ಊರು ಬಿಟ್ಟವರಲ್ಲಿ ನನ್ನದೊಂದು ವಿನಂತಿ: ಮುಂದಿನ ಹಬ್ಬಕ್ಕೆ ಊರಿಗೆ ಹೋದಾಗ ನಿಮ್ಮ ಮುತ್ಯಾನ, ನಿಮ್ಮ ಆಯಿಯ ಬಳಿ ಒಂದು ಹೊತ್ತು ಕುಳಿತುಕೊಳ್ಳಿರಿ, ಅವರು ಆಡಿದ ಮಾತನ್ನಷ್ಟೇ ಅಲ್ಲ, ಅದನ್ನು ಯಾರಿಗೆ, ಯಾವಾಗ, ಏಕೆ ಆಡಿದರೆಂಬುದನ್ನೂ ಕೇಳಿ ಬರೆದುಕೊಳ್ಳಿರಿ.